ಕಟ್ಟಿದ ಕೈಯೋ, ದುಡಿಸಿದ ಕೈಯೋ: 1917ರ ಪ್ರಯೋಗವೊಂದರ ಮರು ಓದು

ಪಾರ್ಶ್ವವಾಯು ಚಿಕಿತ್ಸೆಯ ಚರಿತ್ರೆ ಬರೆಯುವವರು ರಾಬರ್ಟ್ ಆಗ್ಡೆನ್ ಮತ್ತು ಶೆಫರ್ಡ್ ಐವರಿ ಫ್ರಾಂಜ್ ಅವರ 1917ರ ಲೇಖನವನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ಒಳ್ಳೆಯ ಕೈಯನ್ನು ಕಟ್ಟಿಹಾಕಿದರೆ ಸ್ವಾಧೀನ ತಪ್ಪಿದ ಕೈ ಚೇತರಿಸುತ್ತದೆಂದು ಮಂಗಗಳಲ್ಲಿ ತೋರಿಸಿದವರು ಇವರು. ಅಲ್ಲಿಂದ, ಒಳ್ಳೆಯ ಕೈ ಕಟ್ಟಿ ಸೋತ ಕೈಯನ್ನು ಬಳಸುವಂತೆ ಮಾಡುವ ಚಿಕಿತ್ಸೆಯನ್ನು ರೂಪಿಸಿದ ಎಡ್ವರ್ಡ್ ಟೌಬ್‌ಗೆ ನೇರ ಜಿಗಿತ. ಈ ಸಾಲು ಕೈಪಿಡಿಯಿಂದ ಕೈಪಿಡಿಗೆ ದಾಟುತ್ತ ಬಂದಿದೆ. ದಾಟಿಸಿದವರೆಲ್ಲ ಮೂಲ ಲೇಖನವನ್ನು ತೆರೆದಿದ್ದರೆ ಅದು ಇಷ್ಟು ದೂರ ಬರುತ್ತಿರಲಿಲ್ಲ.

ಆಗ್ಡೆನ್ ಮತ್ತು ಫ್ರಾಂಜ್ ಮಂಗಗಳ ಮಿದುಳಿನ ಚಲನಾ ಪ್ರದೇಶಕ್ಕೆ ಗಾಯ ಮಾಡಿ, ಆಮೇಲಿನ ಆರೈಕೆಯನ್ನು ನಾಲ್ಕು ಬಗೆಯಾಗಿ ಬದಲಿಸಿ ನೋಡಿದರು. ಮೊದಲನೆಯದರಲ್ಲಿ ಯಾವ ಚಿಕಿತ್ಸೆಯೂ ಇಲ್ಲ. ಎರಡನೆಯದರಲ್ಲಿ ಸೋತ ಸ್ನಾಯುಗಳಿಗೆ ಬರೀ ಮಾಲೀಶು. ಮೂರನೆಯದರಲ್ಲಿ ಒಳ್ಳೆಯ ಕೈಗೆ ಕಟ್ಟು, ಅಷ್ಟೇ. ನಾಲ್ಕನೆಯದರಲ್ಲಿ ಕಟ್ಟೂ ಉಂಟು, ಸೋತ ಕೈಯನ್ನು ಕೆಣಕಿ ಕೆಣಕಿ ದುಡಿಸುವುದೂ ಉಂಟು. ಚಲನೆ ಮರಳಿದ್ದು ಈ ನಾಲ್ಕನೆಯದರಲ್ಲಿ ಮಾತ್ರ.

ವಾದವೆಲ್ಲ ನಿಂತಿರುವುದು ಮೂರನೆಯ ಮತ್ತು ನಾಲ್ಕನೆಯ ಬಗೆಗಳ ನಡುವಿನ ಅಂತರದ ಮೇಲೆ. ಎರಡರಲ್ಲೂ ಕಟ್ಟು ಇದೆ. ಒಂದರಲ್ಲಿ ಫಲವಿಲ್ಲ, ಇನ್ನೊಂದರಲ್ಲಿ ಇದೆ. ಹಾಗಿರುವಾಗ ಫಲವನ್ನು ಕಟ್ಟಿನ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ? ಒಂದು ಅಡಚಣೆಯನ್ನು ಒಪ್ಪಲೇಬೇಕು: ಕಟ್ಟಿಲ್ಲದೆ ಬರೀ ದುಡಿಸುವ ಐದನೆಯ ಬಗೆ ಈ ಪ್ರಯೋಗದಲ್ಲಿ ಇರಲಿಲ್ಲ. ಆದ್ದರಿಂದ ಕಟ್ಟು ಬೇಡವೇ ಬೇಡ ಎಂದು 1917ರ ಪುರಾವೆ ಹೇಳುವುದಿಲ್ಲ. ಕಟ್ಟೊಂದೇ ಸಾಲದು ಎಂದು ಮಾತ್ರ ಹೇಳುತ್ತದೆ. (ಪ್ರಚಲಿತ ಓದು ಮುಳುಗಲು ಅಷ್ಟೇ ಸಾಕು.)

ಟೌಬ್ ಬಂದದ್ದು ಬೇರೆ ದಾರಿಯಿಂದ. ಅವರ ಮಂಗಗಳಲ್ಲಿ ಮಿದುಳು ಸರಿಯಾಗಿಯೇ ಇತ್ತು. ತೋಳಿನಿಂದ ಬೆನ್ನುಹುರಿಗೆ ಸಂವೇದನೆ ಒಯ್ಯುವ ನರಬೇರುಗಳನ್ನು ಕತ್ತರಿಸಲಾಗಿತ್ತು. ಪ್ರಾಣಿ ಆ ಕೈಯನ್ನು ಬಳಸದಿರುವುದನ್ನೇ ರೂಢಿ ಮಾಡಿಕೊಳ್ಳುತ್ತದೆ ಎಂಬುದು ಅವರ ಸಿದ್ಧಾಂತ. ಬೆಲೆಯುಳ್ಳ ಸಿದ್ಧಾಂತವೇ, ಆದರೆ ಪಾರ್ಶ್ವವಾಯುವಿಗೆ ಹೆಚ್ಚು ಹತ್ತಿರದ್ದು ಮಿದುಳನ್ನೇ ಗಾಯಗೊಳಿಸಿದ 1917ರ ಮಾದರಿ. 1993ರಲ್ಲಿ ಟೌಬ್ ತಂಡ ಬಹುಕಾಲದ ಹಿಂದೆ ಪಾರ್ಶ್ವವಾಯು ಬಡಿದಿದ್ದ ಒಂಬತ್ತು ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಚಿಕಿತ್ಸೆ ಪಡೆದವರ ಒಳ್ಳೆಯ ಕೈಗೆ ಎರಡು ವಾರ ಕಟ್ಟು ಹಾಕಿದ್ದೇನೋ ನಿಜ. ಜೊತೆಗೇ ಕೆಲಸದ ದಿನಗಳಲ್ಲಿ ದಿನಕ್ಕೆ ಆರು ಗಂಟೆಯ ಅಭ್ಯಾಸವಿತ್ತು. ಚಿಕಿತ್ಸೆಗೆ ಇಟ್ಟ ಹೆಸರಿನಲ್ಲಿ ಮಾತ್ರ ಕಟ್ಟು ಮುಂದೆ ಬಂದು ಅಭ್ಯಾಸ ಹಿಂದೆ ಸರಿಯಿತು. (ಇದಕ್ಕೆ ಟೌಬ್ ಒಬ್ಬರನ್ನೇ ದೂರಲಾಗದು, ಕಟ್ಟುಪಟ್ಟಿಯಲ್ಲಿ ಮಂತ್ರವೇನೂ ಇಲ್ಲವೆಂದು ಮುಂದೆ ಅವರೇ ಬರೆದರು. ಅನುಯಾಯಿಗಳು ಅದನ್ನು ಓದಲಿಲ್ಲ.)

ಅಮೆರಿಕದಲ್ಲಿ 222 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ‘ಎಕ್ಸೈಟ್’ ಅಧ್ಯಯನವನ್ನು ಕಟ್ಟಿನ ಪರವಾಗಿರುವ ಎದುರುವಾದಿಗಳು ಬ್ರಹ್ಮಾಸ್ತ್ರವೆಂಬಂತೆ ಎತ್ತುತ್ತಾರೆ. ಅಲ್ಲಿ ಹೋಲಿಕೆ ನಡೆದದ್ದು ಕಟ್ಟು ಮತ್ತು ಅಭ್ಯಾಸ ಎರಡೂ ಸಿಕ್ಕವರಿಗೂ ಎಂದಿನ ಆರೈಕೆ ಪಡೆದವರಿಗೂ ನಡುವೆ. ಚಿಕಿತ್ಸೆ ಫಲಿಸಿತು, ಸರಿ. ಯಾವ ಅಂಶದಿಂದ ಎಂದು ಕೇಳಿದರೆ ಆ ಅಧ್ಯಯನ ಬಾಯಿ ಬಿಡದು. ಈ ಒಂದು ವಿಷಯದಲ್ಲಿ ಅದಕ್ಕಿಂತ ಸುಮಾರು ತೊಂಬತ್ತು ವರ್ಷ ಹಿಂದಿನ ಮಂಗಗಳ ಪ್ರಯೋಗವೇ ಹೆಚ್ಚು ಜಾಣತನದ್ದು. ಅದರಲ್ಲಿ ಇಲ್ಲದ ಐದನೆಯ ಬಗೆಯನ್ನು ಮನುಷ್ಯರಲ್ಲಿ ಪರೀಕ್ಷಿಸಿದವರಲ್ಲಿ ಸ್ವೀಡನ್ನಿನ ಬ್ರೋಗಾರ್ಡ್ ತಂಡವೂ ಒಂದು. 2009ರ ಅವರ ಅಧ್ಯಯನದಲ್ಲಿ 24 ರೋಗಿಗಳಿಗೂ ಒಂದೇ ತರಬೇತಿ. ಒಂದು ಗುಂಪಿನ ಒಳ್ಳೆಯ ಕೈಗೆ ಮಾತ್ರ ಗವಸು. ಗವಸಿನಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. 24 ಜನ ಸಣ್ಣ ಸಂಖ್ಯೆಯೆಂಬುದು ನಿಜ, ಆದರೆ ಕೇಳಬೇಕಾದ ಪ್ರಶ್ನೆಯನ್ನು ಇವರು ಕೇಳಿದ್ದಾರೆ.

ಕಾಲಿನ ವಿಷಯದಲ್ಲಂತೂ ‘ಕಟ್ಟು’ ಎಂಬ ಹೆಸರು ಮೊದಲ ಹೆಜ್ಜೆಗೇ ಎಡವುತ್ತದೆ. ಒಳ್ಳೆಯ ಕಾಲನ್ನು ಕಟ್ಟಿ ರೋಗಿಯನ್ನು ನಡೆಸುವುದುಂಟೇ? ಟೌಬ್ ತಂಡ ತನ್ನ ವಿಧಾನವನ್ನು ಕಾಲಿಗೆ ಒಗ್ಗಿಸಿದಾಗ ಕಟ್ಟನ್ನು ಬಿಟ್ಟುಬಿಟ್ಟಿತು. ಉಳಿಸಿಕೊಂಡದ್ದು ಗಂಟೆಗಟ್ಟಲೆಯ ನಡಿಗೆಯ ಅಭ್ಯಾಸವನ್ನು.