ಶೆಟ್ಟಿಹಳ್ಳಿ ಚರ್ಚು, ದೊಡ್ಡ ಸ್ವಾಮಿಯವರು ಮತ್ತು ಊರು ಬಿಟ್ಟವರು

ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತ ಶೆಟ್ಟಿಹಳ್ಳಿ ಚರ್ಚಿನ ಫೋಟೋ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಅದನ್ನು ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿ ಕಟ್ಟಿಸಿದರೆಂದು ಹೇಳುವವರೂ ಇದ್ದಾರೆ. ಲೆಕ್ಕ ಕೂಡುವುದಿಲ್ಲ. ದುಬ್ವಾ 1823ರಲ್ಲೇ ಭಾರತ ಬಿಟ್ಟರು, 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಚರ್ಚು ಎದ್ದದ್ದು 1860ರ ದಶಕದಲ್ಲಿ, ಅವರ ನಂತರ ಬಂದ ಫ್ರೆಂಚ್ ಪಾದ್ರಿಗಳ ಕಾಲದಲ್ಲಿ.

ಆದರೂ ನಮ್ಮ ಸೀಮೆಯಲ್ಲಿ ಅವರ ಹೆಸರು ಉಳಿದಿರುವುದಕ್ಕೆ ಕಾರಣ ಇದೆ.

ನಾವು 'ಪರದೇಶಿ' ಎಂಬ ಮಾತನ್ನು ಎರಡು ಅರ್ಥದಲ್ಲಿ ಆಡುತ್ತೇವೆ: ಬೇರೆ ದೇಶದವನು, ದಿಕ್ಕಿಲ್ಲದವನು. ದುಬ್ವಾ ಎರಡೂ ಆಗಿದ್ದರು. 1792ರಲ್ಲಿ ಅವರು ಪಾದ್ರಿಯಾದಾಗ ಫ್ರಾನ್ಸಿನಲ್ಲಿ ಕ್ರಾಂತಿ ನಡೆದಿತ್ತು, ಪಾದ್ರಿಗಳ ಜೀವಕ್ಕೆ ಅಪಾಯವಿತ್ತು. ಅವರು ಹಡಗು ಹತ್ತಿ ಇತ್ತ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಯುದ್ಧದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಕಾಲಿಟ್ಟರು. ಇಲ್ಲಿಯವರಂತೆ ಬಟ್ಟೆ ತೊಟ್ಟರು, ಮಾಂಸ ಬಿಟ್ಟರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಪರದೇಶಿಯನ್ನು ಮೊದಲು ಸೇರಿಸಿಕೊಂಡವರು ನಮ್ಮ ಹಳ್ಳಿಯವರೇ.

ಅವರೂ ಅದನ್ನೇ ಮಾಡಿದರು. ನೆಲೆ ತಪ್ಪಿದವರು ಉತ್ತು ಬಿತ್ತಿ ಬದುಕಲೆಂದು ಹಾಸನದ ಹತ್ತಿರ ಸತ್ತಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿದರು. ಸಿಡುಬಿಗೆ ದಾಕು ಹಾಕುವುದು ಹೊಸದಾಗಿ ಬಂದಿದ್ದ ಕಾಲದಲ್ಲಿ ಜನರನ್ನು ಒಪ್ಪಿಸಿದರು. 1803-04ರಲ್ಲಿ 25,432 ಜನರಿಗೆ ದಾಕು ಹಾಕಲಾಯಿತು ಎಂಬ ದಾಖಲೆ ಇದೆ.

ಕ್ರೈಸ್ತರಿಗೆ ಇದು ಬರೀ ಪುಣ್ಯದ ಕೆಲಸವಲ್ಲ, ಕರ್ತವ್ಯ. ಗುರುತಿಲ್ಲದವನನ್ನು ಮನೆಗೆ ಸೇರಿಸಿಕೊಂಡರೆ ತನ್ನನ್ನೇ ಸೇರಿಸಿಕೊಂಡಂತೆ ಎಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಕೂಸಾಗಿದ್ದಾಗ ಯೇಸುವೂ ತಂದೆತಾಯಿಯ ಜೊತೆ ಪ್ರಾಣಭಯದಿಂದ ಈಜಿಪ್ಟಿಗೆ ಓಡಿದವನೇ. ದುಬ್ವಾ ಹಿಂತಿರುಗುವ ಹೊತ್ತಿಗೆ, ಇಲ್ಲಿ ಮತಾಂತರ ನಡೆಯುವ ಆಸೆಯೇ ಇಲ್ಲವೆಂದು ಬರೆದರು. ಆ ಕೆಲಸ ಕೈಗೂಡದಿದ್ದರೂ ಅವರು ನಿಲ್ಲಿಸಿದ ನೆಲೆ, ಹಾಕಿಸಿದ ದಾಕು ಜನರ ಬದುಕಿಗೆ ಒದಗಿದವು.

ಮುಂದಿನ ಕಥೆ ನಮಗೆ ಹತ್ತಿರದ್ದು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ನೀರು ನಿಂತಿತು, ಶೆಟ್ಟಿಹಳ್ಳಿಯವರು ಮನೆ, ಹೊಲ, ಚರ್ಚು ಬಿಟ್ಟು ಎದ್ದರು. ಮುಳುಗಡೆಯಾದದ್ದು ಅದೊಂದೇ ಊರಲ್ಲ, ಎದ್ದವರು ಒಂದೇ ಮತದವರೂ ಅಲ್ಲ. ಅವರು ಬಿಟ್ಟ ನೆಲದ ಮೇಲೆ ನಿಂತ ನೀರು ಇಂದು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ನಾಲೆಗಳಲ್ಲಿ ಹರಿಯುತ್ತಿದೆ. ನಮ್ಮ ಗದ್ದೆಯ ಭತ್ತದಲ್ಲಿ ಅವರ ಪಾಲೂ ಇದೆ.

ಈಗ ನಮ್ಮ ಜಿಲ್ಲೆಗೆ ಬೇರೆಯವರು ಬರುತ್ತಿದ್ದಾರೆ. ಕಾಫಿ ತೋಟಕ್ಕೆ ಅಸ್ಸಾಮಿನವರು, ಕಟ್ಟಡದ ಕೆಲಸಕ್ಕೆ ಬಿಹಾರದವರು, ಉತ್ತರ ಕರ್ನಾಟಕದವರು. ಭಾಷೆ ಬಾರದವರಿಗೆ ಬಾಡಿಗೆ ಮನೆ ಸಿಗುವುದು ಕಷ್ಟ. ಊರಲ್ಲಿ ಏನಾದರೂ ಕಳೆದರೆ ಮೊದಲ ಅನುಮಾನ ಅವರ ಮೇಲೆಯೇ.

ಗುರುತಿನ ಚೀಟಿ ಕೇಳಬೇಡಿ ಎಂದು ನಾವು ಹೇಳುವುದಿಲ್ಲ. ಅದು ವ್ಯವಹಾರ, ಕೇಳಿ. ಹಾಗೆಯೇ ಹೆಸರು ಕೇಳಿ, ಊಟ ಆಯಿತೇ ಎಂದು ಕೇಳಿ, ಮಕ್ಕಳಿದ್ದರೆ ಸರ್ಕಾರಿ ಶಾಲೆಯ ದಾರಿ ತೋರಿಸಿ. ಇನ್ನೂರು ವರ್ಷದ ಹಿಂದೆ ಭಾಷೆ ಬಾರದ ಒಬ್ಬ ಪರದೇಶಿಗೆ ನಮ್ಮ ಹಿರಿಯರು ಜಾಗ ಕೊಟ್ಟಿದ್ದರು.