ಮಾವನ ಪದ್ಮಿನಿ, ಅಜ್ಜನ ಕರ್ಣ

2008ರ ಚೌತಿಗೆ ಇನ್ನು ಹತ್ತು ದಿನ ಇತ್ತು. ಆ ಸಲ ರೈಲು ಬೇಡ, ನನ್ನ ಸೋದರಮಾವನ ಪ್ರೀಮಿಯರ್ ಪದ್ಮಿನಿಯಲ್ಲೇ ಊರಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಘಾಟ್‌ಕೋಪರ್‌ನಿಂದ ಕುಂದಾಪುರಕ್ಕೆ 800 ಕಿಲೋಮೀಟರಿಗೂ ಹೆಚ್ಚಿನ ದಾರಿ. ಗಾಡಿ ಅಷ್ಟು ದೂರ ತಡೆಯುತ್ತದೋ ಎಂದು ನೋಡಲು ಒಂದು ಭಾನುವಾರ ಪನ್ವೇಲ್‌ವರೆಗೆ ಹೋದೆವು. ಗಾಡಿ ತಡೆಯಿತು. ಕೈಕೊಟ್ಟದ್ದು ಅದರೊಳಗಿನ ಹಾಡಿನ ಪೆಟ್ಟಿಗೆ.

ನನ್ನ ಕಿಸೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಎಂಪಿ3 ಪ್ಲೇಯರ್ ಇತ್ತು. ಅದರಲ್ಲಿ ಅಜ್ಜ, ಅಂದರೆ ಮಾವನ ಅಪ್ಪಯ್ಯ, ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳಿದ್ದ ಧ್ವನಿಮುದ್ರಣ ಇತ್ತು. 1984ರಲ್ಲಿ ಊರ ದೇವಸ್ಥಾನದ ಚಾವಡಿಯಲ್ಲಿ ಯಾರೋ ದುಬೈಯಿಂದ ತಂದ ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದು. ಅಜ್ಜ ತೀರಿಕೊಂಡ ಮೇಲೆ ಅವರ ಸ್ವರವೆಂದು ಉಳಿದದ್ದು ಆ ಒಂದು ಕ್ಯಾಸೆಟ್ ಮಾತ್ರ. ಟೇಪು ಜಿಡ್ಡುಗಟ್ಟುವ ಮುಂಚೆ ಅದನ್ನು ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಪ್ಲೇಯರಿಗೆ ಹಾಕಿದ್ದೆ. ಮಾವನಿಗೆ ಆಗಲೇ ಕಿವಿ ಮಂದವಾಗುತ್ತಿತ್ತು. ಇಯರ್‌ಫೋನ್ ಅವರಿಗೆ ಆಗದು. ಕಾರಿನಲ್ಲಿ ಗಟ್ಟಿಯಾಗಿ ಕೇಳಿಸಬೇಕೆಂಬುದು ನನ್ನ ಆಸೆ.

ವಾಶಿ ಸೇತುವೆಯ ಮೇಲೆ ತಂತಿ ಸಿಕ್ಕಿಸಿ ಗುಂಡಿ ಒತ್ತಿದೆ. ಕಾರಿನ ಸೆಟ್ಟಿನ ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಎಲ್ಲೋ ಬಾವಿಯೊಳಗೆ ಯಾರೋ ಗೊಣಗಿದಂತೆ ಒಂದು ಎಳೆ ಸದ್ದು. ಮಾವ ಸ್ಟೇರಿಂಗಿನ ಮೇಲಿಂದ ನನ್ನನ್ನು ನೋಡಿದರು.

"ಎಂತ ಮಾರಾಯ, ಅಪ್ಪಯ್ಯ ಕರ್ಣ ಮಾಡೂದಾ, ಗುಟ್ಟು ಹೇಳೂದಾ?"

ಪರೀಕ್ಷೆಗೆಂದು ಒಂದು ಸಿನಿಮಾ ಹಾಡು ಹಾಕಿದೆ. ಪಿಟೀಲು, ಗಿಟಾರ್ ಎಲ್ಲ ಸುಮಾರಾಗಿ ಕೇಳಿದವು. ಹಾಡು ಬರುತ್ತಿತ್ತು, ಹಾಡುವವರು ಮಾತ್ರ ಬರುತ್ತಿರಲಿಲ್ಲ.

ಈ ತೊಂದರೆಯ ಬೇರು ಹುಡುಕಿದರೆ ಅದು ಕಾರಿನ ಸಂಗೀತದ ಚರಿತ್ರೆಗೇ ಹೋಗಿ ಮುಟ್ಟುತ್ತದೆ. ಒಂದು ಕಾಲದಲ್ಲಿ ಕಾರಿನೊಳಗೆ ರೇಡಿಯೋ ಒಂದೇ ಇತ್ತು, ಅದೂ ಉಳ್ಳವರಿಗೆ. 1980ರ ದಶಕದ ಮಧ್ಯದವರೆಗೂ ನಮ್ಮ ದೇಶದಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು; ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಬೇಕಿತ್ತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ಎಂಬತ್ತರ ದಶಕದಲ್ಲಿ ನಮ್ಮಲ್ಲಿ ಮನೆಮನೆಗೂ ಬಂತು. ಮುಂಬಯಿಯ ಟ್ಯಾಕ್ಸಿಗಳಿಗೂ ಬಂತು. ಕಾಲಿಪೀಲಿ ಪದ್ಮಿನಿಯ ಹಿಂದಿನ ಸೀಟಿನ ಹಿಂಬದಿಯ ಹಲಗೆಯ ಮೇಲೆ ಎರಡು ಅಂಡಾಕಾರದ ಸ್ಪೀಕರುಗಳು ಕುಳಿತಿರುತ್ತಿದ್ದದ್ದು ನಿಮಗೂ ನೆನಪಿರಬಹುದು. ಮಾವನ ಗಾಡಿಯಲ್ಲೂ ಇದ್ದವು. ಊರಿಗೆ ಹೋಗಿ ಬಂದವರು ಉಪ್ಪಿನಕಾಯಿ ಭರಣಿಯ ಜೊತೆ ಯಕ್ಷಗಾನದ ಕ್ಯಾಸೆಟ್ಟು ತರುತ್ತಿದ್ದರು. ಕ್ಯಾಸೆಟ್ಟನ್ನು ಬಾಯಿಗೆ ತುರುಕಿದರೆ ಮುಗಿಯಿತು. ವಾಲ್ಯೂಮಿನ ಗುಂಡಿ ಒಂದೇ, ಜಗಳವೂ ಒಂದೇ.

ಜಗಳ ಎರಡಾದದ್ದು ಜನ ಸಂಗೀತವನ್ನು ಕಿಸೆಯಲ್ಲಿಟ್ಟುಕೊಳ್ಳಲು ತೊಡಗಿದ ಮೇಲೆ. ಸೋನಿಯ ವಾಕ್‌ಮನ್ 1979ರಲ್ಲಿ ಬಂತು, ಆ್ಯಪಲ್ಲಿನ ಐಪಾಡ್ 2001ರಲ್ಲಿ. ಇವೆಲ್ಲ ಕಿವಿಗೆ ಅಂಟಿಕೊಂಡ ಪುಟ್ಟ ಸ್ಪೀಕರನ್ನು ಕುಣಿಸಲೆಂದು ಮಾಡಿದವು. ಕಾರಿನ ಆಂಪ್ಲಿಫೈಯರಿಗೆ ಉಣಿಸಲೆಂದು ಅಲ್ಲ. ಜೊತೆಗೆ ಕಿವಿ ಕೆಡದಿರಲಿ ಎಂಬ ಕಾಳಜಿ. ಫ್ರಾನ್ಸಿನಲ್ಲಿ 100 ಡೆಸಿಬಲ್ಲಿನ ಮಿತಿಯನ್ನು ಮೀರುತ್ತದೆಂದು 2002ರಲ್ಲಿ ಐಪಾಡಿನ ಮಾರಾಟವೇ ಕೆಲಕಾಲ ನಿಂತು, ತಂತ್ರಾಂಶ ಬದಲಾದ ಮೇಲೆ ಮತ್ತೆ ಶುರುವಾಯಿತು. ಯುರೋಪಿನಿಂದ ನೆಂಟರು ತಂದುಕೊಟ್ಟ ಪ್ಲೇಯರು ಕಾರಿನಲ್ಲಿ ಯಾಕೆ ಮೆಲ್ಲಗೆ ಹಾಡುತ್ತದೆ ಎಂಬುದಕ್ಕೆ ಎಷ್ಟೋ ಸಲ ಉತ್ತರ ಇದೇ.

ಕಿಸೆಗೂ ಕಾರಿಗೂ ನಡುವೆ ಸೇತುವೆ ಬೇಕಾಯಿತು. ಮಾವನ ಗಾಡಿ ಮೂರು ಬಗೆಯ ಸೇತುವೆಗಳನ್ನು ಕಂಡಿದೆ.

ಮೊದಲನೆಯದು ಕ್ಯಾಸೆಟ್ ಅಡಾಪ್ಟರ್. ನೋಡಲು ಕ್ಯಾಸೆಟ್ಟೇ, ಒಳಗೆ ಟೇಪಿಲ್ಲ, ಬದಿಯಲ್ಲಿ ಬಾಲದಂಥ ತಂತಿ. ಅದರೊಳಗಿನ ಪುಟ್ಟ ಹೆಡ್ಡು ಕಾರಿನ ಡೆಕ್ಕಿನ ಹೆಡ್ಡಿಗೆ ಎದುರಾಗಿ ನಿಂತು, ಟೇಪು ಮಾಡಬೇಕಾದ ಅಯಸ್ಕಾಂತದ ಕೆಲಸವನ್ನು ತಾನೇ ಮಾಡುತ್ತದೆ. ಎರಡು ಹೆಡ್ಡುಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಾದರೂ, ಹೆಡ್ಡಿನ ಮೇಲೆ ಕಂದು ಧೂಳು ಕೂತಿದ್ದರೂ ಸದ್ದು ಇಳಿಯುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡನ್ನು ಒರೆಸಿದರೆ ಅರ್ಧ ಕಾಯಿಲೆ ವಾಸಿ.

ಎರಡನೆಯದು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರ್. ಕಾರಿನೊಳಗೇ ಒಂದು ಪುಟಾಣಿ ಆಕಾಶವಾಣಿ! ಆದರೆ ಮುಂಬಯಿಯಲ್ಲಿ ಅದಕ್ಕೆ ಜಾಗವೆಲ್ಲಿ? ಖಾಸಗಿ ಎಫ್‌ಎಂ ಕೇಂದ್ರಗಳು ಇಲ್ಲಿಗೆ ಬಂದದ್ದು 2002ರಲ್ಲಿ. ಕೆಲವೇ ವರ್ಷಗಳಲ್ಲಿ 91.1, 92.7, 93.5, 94.3, 98.3 ಎಂದು ಲೋಕಲ್ ರೈಲಿನ ಡಬ್ಬಿಯ ಹಾಗೆ ಡಯಲ್ ತುಂಬಿತು. ಸಯಾನ್‌ನಲ್ಲಿ ಖಾಲಿ ಎಂದುಕೊಂಡ ಜಾಗದಲ್ಲಿ ಠಾಣೆ ತಲುಪುವಾಗ ಇನ್ನಾರದೋ ಜಾಹೀರಾತು ಬಂದು ಕೂರುತ್ತಿತ್ತು. ಬಡ ಟ್ರಾನ್ಸ್‌ಮಿಟರಿನ ಸದ್ದು ಅದರ ಕೆಳಗೆ ಅಪ್ಪಚ್ಚಿ.

ಮೂರನೆಯದು ನೇರ ತಂತಿ, ಆಕ್ಸ್. ಇದಕ್ಕಾಗಿಯೇ ಮಾವ ಹಳೆಯ ಡೆಕ್ಕನ್ನು ತೆಗೆಸಿ, ಮುಂದೆ ಆಕ್ಸ್ ತೂತಿರುವ ಸೆಟ್ಟು ಹಾಕಿಸಿದ್ದರು. ಅದೇ ಸೆಟ್ಟು ಈಗ ಗುಟ್ಟು ಹೇಳುತ್ತಿತ್ತು.

ಮುಂದಿನ ಶನಿವಾರ ಲ್ಯಾಮಿಂಗ್ಟನ್ ರಸ್ತೆಗೆ ಹೋದೆವು. 1903ರಿಂದ 1907ರವರೆಗೆ ಬೊಂಬಾಯಿಯ ಗವರ್ನರ್ ಆಗಿದ್ದವನ ಹೆಸರು ಅದು. ಈಗ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗವೆಂದು ಫಲಕವಿದ್ದರೂ ಜನರ ಬಾಯಲ್ಲಿ ಲ್ಯಾಮಿಂಗ್ಟನ್ನೇ. ಶಬ್ದಕ್ಕೂ ಈ ಬೀದಿಗೂ ಹಳೆಯ ನಂಟು. 1975ರ ಆಗಸ್ಟ್ 15ರಂದು ಬಿಡುಗಡೆಯಾದ 'ಶೋಲೆ' ಇಲ್ಲಿಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿತು. 70 ಎಂಎಂ ಪರದೆ, ಸ್ಟೀರಿಯೋ ಸದ್ದು; ನಾಣ್ಯ ಬಿದ್ದ ಸಪ್ಪಳ ಕೇಳಿ ಜನ ಸೀಟಿನ ಕೆಳಗೆ ನೋಡುತ್ತಿದ್ದರೆಂದು ಮಾವ ಹೇಳುತ್ತಿದ್ದರು. ಅದೇ ಬೀದಿಯಲ್ಲಿ ಸಾಲು ಸಾಲು ರೇಡಿಯೋ, ತಂತಿ, ಜ್ಯಾಕು, ಕೆಪ್ಯಾಸಿಟರಿನ ಅಂಗಡಿಗಳು. ಹೊಸ ಕಾಲದ ವಸ್ತುವನ್ನು ಹಳೆಯ ಕಾಲದ ವಸ್ತುವಿಗೆ ಜೋಡಿಸಿಕೊಡುವುದೇ ಅಲ್ಲಿಯವರ ಕಸುಬು.

ಒಂದು ಮೆಟ್ಟಿಲ ಕೆಳಗೆ ಸೋಲ್ಡರಿಂಗ್ ಕಡ್ಡಿ ಹಿಡಿದು ಕೂತಿದ್ದ ಮುದುಕ ರಿಪೇರಿಯವರು ನಮ್ಮ ಕಥೆ ಕೇಳಿ, ಕಾರಿನ ಬಳಿ ಬಂದರು. ಸಿನಿಮಾ ಹಾಡು ಹಾಕಿಸಿದರು, ನಕ್ಕರು. ಆಮೇಲೆ ಪ್ಲೇಯರನ್ನು ಲೈಟರಿನ ಚಾರ್ಜರಿಗೆ ಸಿಕ್ಕಿಸಿದರು. ಒಮ್ಮೆಲೇ ಗಾಯಕನ ಸ್ವರ ಬಂತು, ಅದರ ಜೊತೆ ಇಂಜಿನಿನ ಕುಂಯ್ ಎಂಬ ಕೂಗೂ ಬಂತು. ಚಾರ್ಜರ್ ಕಿತ್ತರೆ ಮತ್ತೆ ಗಾಯಕ ಮಾಯ.

"ಆವಾಜ್ ಕಮ್ ನಹೀಂ, ಅರ್ಥಿಂಗ್ ಕಟ್ ಹೈ" ಎಂದರು. ಸದ್ದು ಕಡಿಮೆಯಲ್ಲ, ಅರ್ಥಿಂಗ್ ತುಂಡಾಗಿದೆ.

ಮಾವನಿಗೆ ನಗು ತಡೆಯಲಾಗಲಿಲ್ಲ. ತಾಳಮದ್ದಳೆಯಲ್ಲಿ ಮಾತಿಗೆ ಅರ್ಥ ಎಂದೇ ಹೆಸರಲ್ಲವೇ. "ಅರ್ಥವೇ ತುಂಡಾದ್ರೆ ತಾಳಮದ್ದಳೆ ಕೇಂಬುದು ಹ್ಯಾಂಗೆ ಮಾರಾಯ!"

ಅವರು ವಿವರಿಸಿದ್ದು ಇಷ್ಟು. ಆ ತಂತಿಯೊಳಗೆ ಮೂರು ದಾರಿ: ಎಡ, ಬಲ, ಇವೆರಡಕ್ಕೂ ಸಮಾನವಾಗಿ ಮರಳಿ ಹೋಗುವ ಅರ್ಥಿಂಗ್. ಜ್ಯಾಕಿನ ಬುಡದಲ್ಲಿ ಅರ್ಥಿಂಗ್ ಮುರಿದರೆ ಎಡಬಲಗಳು ಒಂದರಲ್ಲೊಂದು ಕಳೆದುಹೋಗಿ, ಎರಡರ ನಡುವಿನ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಸಿನಿಮಾ ಹಾಡಿನಲ್ಲಿ ಗಾಯಕನ ಸ್ವರವನ್ನು ಎರಡೂ ಕಡೆ ಸಮನಾಗಿ ಇಟ್ಟಿರುತ್ತಾರೆ, ಹಾಗಾಗಿ ಅವನೇ ಮೊದಲು ಹೋಗುತ್ತಾನೆ. ಅತ್ತಿತ್ತ ಹಂಚಿದ ವಾದ್ಯಗಳು ಉಳಿಯುತ್ತವೆ. ಚಾರ್ಜರ್ ಹಾಕಿದಾಗ ಗಾಡಿಯ ಲೋಹದ ಮೂಲಕ ಅರ್ಥಿಂಗಿಗೆ ಅಡ್ಡದಾರಿ ಸಿಕ್ಕಿ ಸ್ವರ ಮರಳುತ್ತದೆ. ಇನ್ನು ನಮ್ಮ ಚಾವಡಿಯ ಟೇಪು? ಅದಕ್ಕಿದ್ದದ್ದು ಒಂದೇ ಮೈಕು. ಎಡಕ್ಕೂ ಬಲಕ್ಕೂ ಒಂದೇ ಸದ್ದು. ಕಳೆದರೆ ಉಳಿಯುವುದು ಸೊನ್ನೆ. ನಾವು ಸಿನಿಮಾ ಹಾಡು ಮಾತ್ರ ಕೇಳುವವರಾಗಿದ್ದರೆ ಸೆಟ್ಟೇ ಹಾಳೆಂದು ಬದಲಾಯಿಸುತ್ತಿದ್ದೆವೇನೋ.

ಹೊಸ ಜ್ಯಾಕು ಬೆಸೆದುಕೊಟ್ಟು ಅವರು ಇನ್ನೊಂದು ಪಾಠವನ್ನೂ ಹೇಳಿದರು. ಹಿಂದಿನಿಂದ ಕಡಿಮೆ ಕಳಿಸಿ ಮುಂದೆ ಜಾಸ್ತಿ ಮಾಡಿದರೆ ಹೆಚ್ಚುವುದು ಬುಸ್ಸೆಂಬ ಗದ್ದಲ. ಮೊದಲು ಪ್ಲೇಯರಿನ ವಾಲ್ಯೂಮ್ ಮುಕ್ಕಾಲಿಗೆ ಏರಿಸಿ, ಸ್ವರ ಒಡೆಯತೊಡಗಿದರೆ ಸ್ವಲ್ಪ ಇಳಿಸಿ, ಆಮೇಲೆ ಕಾರಿನದನ್ನು ಮುಟ್ಟಿ. ಸೆಟ್ಟಿನ ಮೆನುವಿನಲ್ಲಿ ಆಕ್ಸ್ ಮಟ್ಟ ಏರಿಸುವ ಅವಕಾಶ ಇದ್ದರೆ ಅದನ್ನೂ ನೋಡಿ. ಇಲ್ಲದಿದ್ದರೆ ಆಕ್ಸ್‌ನಿಂದ ರೇಡಿಯೋಗೆ ಬದಲಿಸುವಾಗ ಜಾಹೀರಾತು ಕಿವಿ ಹರಿಯುತ್ತದೆ.

ಚೌತಿಗೆ ಹೊರಟವರು ಕಶೇಡಿ ಘಾಟಿ ಹತ್ತುವಾಗ ಅಜ್ಜನನ್ನು ಕೇಳಿದೆವು. ಚೆಂಡೆ ಬಡಿದಾಗ ಆ ಟೇಪ್ ರೆಕಾರ್ಡರ್ ತಾನಾಗಿ ಸದ್ದು ತಗ್ಗಿಸಿಕೊಳ್ಳುತ್ತಿತ್ತು. ಚೆಂಡೆ ನಿಂತ ಮೇಲೆ ಅಜ್ಜನ ಸ್ವರ ದೂರದಿಂದ ನಡೆದು ಬಂದಂತೆ ಮೆಲ್ಲಗೆ ಏರುತ್ತಿತ್ತು. ಕುಂತಿಗೆ ಕರ್ಣ ಉತ್ತರ ಕೊಡುವಲ್ಲಿ ಮಾವ ಗಾಡಿಯನ್ನು ಬದಿಗೆ ನಿಲ್ಲಿಸಿದರು. ಇಂಜಿನ್ ಬಿಸಿಯಾಗಿದೆ ಎಂದರು. ಬಾನೆಟ್ ಎತ್ತಲಿಲ್ಲ.

2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯಿತೆಂದು ಪತ್ರಿಕೆಯಲ್ಲಿ ಓದಿದೆ. ಮಾವನ ಗಾಡಿ ಅದಕ್ಕೂ ಮೊದಲೇ ಗುಜರಿಗೆ ಹೋಗಿತ್ತು. ಬೆಸೆದ ತಂತಿ ನನ್ನ ಮೇಜಿನ ಖಾನೆಯಲ್ಲಿದೆ. ಅದನ್ನು ಚುಚ್ಚಲು ಈಗಿನ ಮೊಬೈಲಿನಲ್ಲಿ ತೂತಿಲ್ಲ. ಮಾವ ಊರಿಗೆ ಹೋಗಿ ನೆಲೆಸಿದ್ದಾರೆ. ಕಳೆದ ಸಲ ಹೋದಾಗ ಬಾಡಿಗೆ ಕಾರಿನಲ್ಲಿ ಬ್ಲೂಟೂತ್ ಹಾಕಿ ಅಜ್ಜನ ಕರ್ಣನನ್ನು ಕೇಳಿಸಹೊರಟೆ. ಮತ್ತೆ ಮೆಲ್ಲಗೆ. ನಾನು ಕಾರಿನ ಗುಂಡಿ ತಿರುಗಿಸಲು ಕೈ ಚಾಚಿದೆ.

ಹಿಂದಿನ ಸೀಟಿನಿಂದ ಮಾವ ಗದರಿದರು: "ಅದಲ್ಲ ಮಾರಾಯ, ಮೊದಲು ಮೊಬೈಲಿಂದು ಜಾಸ್ತಿ ಮಾಡು."