ಬೀದರ ಸೀಮೆಯ ಇತಿಹಾಸ: ರಾಜಧಾನಿಯಿಂದ ಗಡಿನಾಡಿಗೆ

ಕರ್ನಾಟಕದ ಉತ್ತರ ತುದಿಯ ತಾಲ್ಲೂಕು ಔರಾದ. ಇದರ ಒಂದು ಬದಿಗೆ ಮಹಾರಾಷ್ಟ್ರ, ಇನ್ನೊಂದು ಬದಿಗೆ ತೆಲಂಗಾಣ. ಬೀದರ, ಭಾಲ್ಕಿ, ಔರಾದ ಎಂದೊಡನೆ ಇಂದು ರಾಜ್ಯದ ಉಳಿದ ಭಾಗದವರಿಗೆ ಹೊಳೆಯುವುದು 'ಗಡಿ' ಎಂಬ ಪದ. ಆದರೆ ಶತಮಾನಗಳ ಕಾಲ ಈ ಸೀಮೆ ದಖ್ಖನದ ನಡುನಾಡಾಗಿತ್ತು. ಎರಡು ಸಾಮ್ರಾಜ್ಯಗಳ ರಾಜಧಾನಿಗಳು ಇಂದಿನ ಬೀದರ ಜಿಲ್ಲೆಯ ನೆಲದಲ್ಲಿಯೇ ಇದ್ದವು.

ಪ್ರಾಚೀನ ಕಾಲ

ಬೀಡ ಜಿಲ್ಲೆಯ ಬಾಲಾಘಾಟ ಶ್ರೇಣಿಯಲ್ಲಿ ಹುಟ್ಟುವ ಮಾಂಜ್ರಾ ನದಿ ಬೀದರ ಜಿಲ್ಲೆಯಲ್ಲಿ ಹರಿದು ಗೋದಾವರಿಯನ್ನು ಸೇರುತ್ತದೆ. ಅದರ ದಂಡೆಯ ಕಪ್ಪು ಎರೆ ಮಣ್ಣು ಬೇಸಾಯಕ್ಕೆ ನೆಲೆಯಾಯಿತು. ಮೌರ್ಯರ ನಂತರ ಗೋದಾವರಿ ತೀರದ ಪೈಠಣವನ್ನು ಕೇಂದ್ರವಾಗಿಸಿಕೊಂಡ ಶಾತವಾಹನರು, ಆ ಬಳಿಕ ಬಾದಾಮಿಯ ಚಾಲುಕ್ಯರು ಈ ಪ್ರದೇಶದ ಮೇಲೆ ಪ್ರಭುತ್ವ ನಡೆಸಿದರು.

ಎಂಟನೆಯ ಶತಮಾನದಲ್ಲಿ ಪ್ರಬಲರಾದ ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಿನ ಒಡೆಯರೆಂದು ಕರೆದುಕೊಂಡರು. ಆ ಲಟ್ಟಲೂರು ಇಂದು ಮಹಾರಾಷ್ಟ್ರದಲ್ಲಿರುವ ಲಾತೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಹೇಳುತ್ತದೆ.

ಕಲ್ಯಾಣದ ವೈಭವ

ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ಸ್ಥಳಾಂತರಿಸಿದನು. ಆರನೆಯ ವಿಕ್ರಮಾದಿತ್ಯನ (1076-1126) ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ರಚಿಸಿದ 'ಮಿತಾಕ್ಷರ'ವು ಹಿಂದೂ ಕುಟುಂಬಗಳ ಆಸ್ತಿ ಹಕ್ಕಿನ ಕಾನೂನಿಗೆ ಆಧಾರ ಗ್ರಂಥವಾಯಿತು. ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇವಾಲಯದಲ್ಲಿ ಶಾಸನ ಬರೆಯುತ್ತಿರುವ ಸ್ತ್ರೀಯ ಶಿಲ್ಪವು ಆ ಯುಗದ ನೆನಪನ್ನು ಉಳಿಸಿದೆ.

ಹನ್ನೆರಡನೆಯ ಶತಮಾನದಲ್ಲಿ ಕಲಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರು ಹಾಗೂ ಶರಣರು ಜಾತಿಭೇದವನ್ನು ಪ್ರಶ್ನಿಸಿ, ಕಾಯಕಕ್ಕೆ ಘನತೆ ತಂದರು. ಬಿಜ್ಜಳನ ಅಂತ್ಯದ ಕಾಲದ ಕ್ಷೋಭೆಯಲ್ಲಿ ಶರಣರು ಕಲ್ಯಾಣದಿಂದ ಚದುರಿದರು. ವಚನಗಳು ಮಾತ್ರ ಉಳಿದವು.

ಸುಲ್ತಾನರ ಬೀದರ

1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ರಾಜಧಾನಿಯನ್ನು ಅಹ್ಮದ್ ಷಾ (1422-1436) ಕಲಬುರಗಿಯಿಂದ ಬೀದರಕ್ಕೆ ತಂದನು. ಅಷ್ಟೂರಿನಲ್ಲಿರುವ ಅವನ ಗೋರಿಯ ಉರುಸಿನಲ್ಲಿ ಹಿಂದೂಗಳೂ ಮುಸ್ಲಿಮರೂ ಸೇರುತ್ತಾರೆ. ಪ್ರಧಾನಿ ಮಹಮೂದ್ ಗವಾನನು 1472ರಲ್ಲಿ ಮದರಸಾ ಕಟ್ಟಿಸಿದನು. ಭೂಮಿಯ ಅಳತೆ ಮಾಡಿಸಿ ಕಂದಾಯ ವ್ಯವಸ್ಥೆಯನ್ನು ಸುಧಾರಿಸಿದನು. ಆಸ್ಥಾನದ ಒಳಸಂಚಿಗೆ ಬಲಿಯಾಗಿ 1481ರಲ್ಲಿ ಮರಣದಂಡನೆಗೆ ಗುರಿಯಾದನು. ಸತು-ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸುವ ಬಿದರಿ ಕಲೆಯೂ ಇಲ್ಲಿಯದೇ.

ಆ ವೈಭವ ಹಳ್ಳಿಗಳನ್ನು ತಲುಪಿತ್ತೆ? ಗವಾನನ ಕಾಲದಲ್ಲಿ ಬೀದರಕ್ಕೆ ಬಂದಿದ್ದ ರಷ್ಯಾದ ವರ್ತಕ ಅಫನಾಸಿ ನಿಕಿಟಿನ್, ಶ್ರೀಮಂತರ ಐಷಾರಾಮದ ಜೊತೆಗೆ ಗ್ರಾಮೀಣರ ಕಡು ಬಡತನವನ್ನೂ ದಾಖಲಿಸಿದ್ದಾನೆ.

ಬರೀದ್ ಷಾಹಿಗಳ ಬೀದರ 1619ರಲ್ಲಿ ವಿಜಾಪುರದ ಆದಿಲ್ ಷಾಹಿಗಳ ವಶವಾಯಿತು. 1657ರಲ್ಲಿ ಔರಂಗಜೇಬನು ಕೋಟೆಯನ್ನು ಗೆದ್ದನು. 1724ರ ನಂತರ ಈ ಸೀಮೆ ಹೈದರಾಬಾದಿನ ನಿಜಾಮರ ಅಧೀನಕ್ಕೆ ಬಂದಿತು. ರಾಜಧಾನಿಯಾಗಿದ್ದ ನೆಲ ಜಿಲ್ಲೆಯಾಗಿ, ಜಾಗೀರುಗಳಾಗಿ ಹಂಚಿಹೋಯಿತು.

ನಿಜಾಮರ ಆಳ್ವಿಕೆ, ವಿಮೋಚನೆ

ಆಡಳಿತ ಹಾಗೂ ಶಿಕ್ಷಣದಲ್ಲಿ ಉರ್ದುವಿನ ಪ್ರಾಬಲ್ಯವಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂದು ಈ ಭಾಗದ ಜನರು ಇಂದಿಗೂ ಸ್ಮರಿಸುತ್ತಾರೆ.

1948ರಲ್ಲಿ ರಜಾಕಾರರು ಬಸವಕಲ್ಯಾಣ ತಾಲ್ಲೂಕಿನ ಗೋರ್ಟಾ ಗ್ರಾಮದಲ್ಲಿ ಸಾಮೂಹಿಕ ಹತ್ಯೆ ನಡೆಸಿದರು. ಅದೇ ವರ್ಷ ಸೆಪ್ಟೆಂಬರ್ 17ರಂದು ನಿಜಾಮರು ಭಾರತಕ್ಕೆ ಶರಣಾದರು. ಬಳಿಕ ನಡೆದ ಪ್ರತೀಕಾರದ ಹಿಂಸಾಚಾರದಲ್ಲಿ ಮುಸ್ಲಿಮರು ಅಪಾರ ಸಂಖ್ಯೆಯಲ್ಲಿ ಬಲಿಯಾದರು. ಪಂಡಿತ ಸುಂದರಲಾಲ್ ಸಮಿತಿಯು ಅತಿ ಹೆಚ್ಚು ಬಾಧಿತವಾದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತು.

ಮೂರು ರಾಜ್ಯಗಳ ಪಾಲು

1956ರ ನವೆಂಬರ್ 1ರಂದು ಭಾಷಾವಾರು ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ ಹಾಗೂ ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೂ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರು ರಾಜ್ಯಕ್ಕೆ ಸೇರಿದವು. ಹೀಗೆ ಶತಮಾನಗಳ ನಂಟಿನ ಸಂತೆ-ಸಂಬಂಧಗಳ ನಡುವೆ ಗಡಿ ರೇಖೆಗಳು ಮೂಡಿದವು. ಔರಾದದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತುಗಳು ಇಂದಿಗೂ ಒಟ್ಟಿಗೆ ಕೇಳಿಬರುತ್ತವೆ.

ಏಕೀಕರಣವಾದರೂ ಅಭಿವೃದ್ಧಿಯ ಅಂತರ ಮುಚ್ಚಲಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯು ಔರಾದವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ದೀರ್ಘ ಹೋರಾಟದ ಫಲವಾಗಿ 2012ರಲ್ಲಿ ಸಂಸತ್ತು ಸಂವಿಧಾನದ 371 (ಜೆ) ವಿಧಿಗೆ ಒಪ್ಪಿಗೆ ನೀಡಿ, ಶಿಕ್ಷಣ ಹಾಗೂ ಸರ್ಕಾರಿ ಉದ್ಯೋಗದಲ್ಲಿ ಈ ಭಾಗದವರಿಗೆ ಮೀಸಲಾತಿಗೆ ದಾರಿ ಮಾಡಿತು. 2019ರಲ್ಲಿ 'ಹೈದರಾಬಾದ್ ಕರ್ನಾಟಕ'ವು 'ಕಲ್ಯಾಣ ಕರ್ನಾಟಕ'ವಾಯಿತು.

ಚಾಲುಕ್ಯರ ರಾಜಧಾನಿಯ ಹೆಸರು ಹೀಗೆ ಇಡೀ ಪ್ರದೇಶಕ್ಕೆ ಮರಳಿ ಬಂದಿದೆ. ಆದರೆ ನಿಕಿಟಿನ್ ಕಂಡ ನಗರ ಮತ್ತು ಹಳ್ಳಿಗಳ ನಡುವಿನ ಕಂದಕ ತುಂಬಿದಾಗಲೇ ಆ ಹೆಸರು ಗಡಿಯ ಹಳ್ಳಿಗಳ ಪಾಲಿಗೆ ಅರ್ಥಪೂರ್ಣವಾಗುತ್ತದೆ.